ಕೊನೆಯ ಹತ್ತು ನಿಮಿಷ ಯಾರ ಕೈಲಿ?

ಉಡುತಡಿಯ ನಮ್ಮ ಮನೆಯಲ್ಲಿ ಕೂತು ಫುಟ್‌ಬಾಲ್ ನೋಡೋದು ಸುಲಭದ ಕೆಲಸ ಅಲ್ಲ. ಸಂಜೆ ಏಳರಿಂದ ಹತ್ತರವರೆಗೆ ಟಿ.ವಿ. ದೊಡ್ಡಮ್ಮನ ಧಾರಾವಾಹಿಗಳಿಗೆ ಸೇರಿದ್ದು. ಅದನ್ನು ಒಂದು ದಿನದ ಮಟ್ಟಿಗೆ ಬಿಡಿಸಿಕೊಳ್ಳೋಕೆ ನಾನು ಬೆಂಗಳೂರಿನಿಂದ ತಂದ ಸ್ವೀಟ್ ಬಾಕ್ಸ್ ಅಷ್ಟೂ ಖರ್ಚಾಯಿತು. 2023ರ ಮಾರ್ಚ್ 18, ಶನಿವಾರ. ಯುಗಾದಿಗೆ ಇನ್ನು ನಾಲ್ಕೇ ದಿನ. ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್: ಬೆಂಗಳೂರು ಎಫ್‌ಸಿ ಮತ್ತು ಎಟಿಕೆ ಮೋಹನ್ ಬಾಗಾನ್.

ಪಕ್ಕದಲ್ಲಿ ದೊಡ್ಡಪ್ಪ. ಅವರಿಗೆ ಫುಟ್‌ಬಾಲ್ ಗೊತ್ತಿಲ್ಲ. ಗೊತ್ತಿರೋದು ಜೋಳ, ಅಡಿಕೆ, ಹೋರಿ. ತಂಡದ ಪಟ್ಟಿ ಪರದೆ ಮೇಲೆ ಬಂದಾಗ ನಾನು ಬೈದುಕೊಂಡೆ. ಸುನಿಲ್ ಚೆಟ್ರಿ ಹೆಸರು ಮೊದಲ ಹನ್ನೊಂದರಲ್ಲಿ ಇರಲಿಲ್ಲ.

"ಅಲ್ಲೋ ತಮ್ಮಾ, ಅವನೇ ಕ್ಯಾಪ್ಟನ್ ಅಂದ್ಯಲ್ಲ. ಮತ್ತೆ ಅವನ್ಯಾಕೆ ಹೊರಗೆ ಕುಂತಾನೆ?" ಅಂದರು ದೊಡ್ಡಪ್ಪ.

"ಕೋಚ್‌ಗೆ ಬುದ್ಧಿ ಇಲ್ಲ ದೊಡ್ಡಪ್ಪ" ಅಂದೆ.

ಈ ಬರಹ ಆ ಒಂದು ಮಾತನ್ನು ವಾಪಸ್ ತಗೊಳ್ಳೋಕೆ. ವಾಪಸ್ ತಗೊಳ್ಳೋಕೆ ನನಗೆ ಎರಡು ವರ್ಷ ಬೇಕಾಯಿತು. ಮಧ್ಯೆ ಇನ್ನೊಂದು ಫೈನಲ್ ಕೂಡ ಸೋತಾಯಿತು.

ಆ ಸೀಸನ್ನಿನ ಕಥೆ ಮರೆತವರಿಗೆ ಸ್ವಲ್ಪ ನೆನಪು ಮಾಡಿಸ್ತೀನಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ತಂಡ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್ ಗೆದ್ದಿತ್ತು. ಆಮೇಲೆ ಐಎಸ್‌ಎಲ್‌ನಲ್ಲಿ ಸೋಲಿನ ಮೇಲೆ ಸೋಲು. ಕೋಚ್ ಸೈಮನ್ ಗ್ರೇಸನ್ ಕೆಲಸ ಹೋಗುತ್ತೆ ಅಂತಲೇ ಎಲ್ಲರೂ ಮಾತಾಡ್ತಿದ್ದರು. ಆಗ ಅವರು ಒಂದು ನಿರ್ಧಾರ ತಗೊಂಡರು. ಮುಂದೆ ರಾಯ್ ಕೃಷ್ಣ, ಅವರ ಜೊತೆಗೆ ತಮಿಳುನಾಡಿನ 21 ವರ್ಷದ ಹುಡುಗ ಶಿವಶಕ್ತಿ ನಾರಾಯಣನ್. ಕ್ಲಬ್ ಹುಟ್ಟಿದ 2013ರಿಂದ ಅದರ ಮುಖವೇ ಆಗಿದ್ದ, ಭಾರತದ ಪರ ಅತಿ ಹೆಚ್ಚು ಗೋಲು ಹೊಡೆದ ಚೆಟ್ರಿ ಬೆಂಚಿನ ಮೇಲೆ. ಫಲಿತಾಂಶ ಏನಾಯಿತು? ಲೀಗ್ ಹಂತದ ಕೊನೆಯ ಎಂಟು ಪಂದ್ಯ, ಎಂಟೂ ಗೆಲುವು. 34 ಅಂಕ, ನಾಲ್ಕನೇ ಸ್ಥಾನ, ಪ್ಲೇಆಫ್.

ನನಗೆ ಗೆಲುವು ಕಾಣ್ತಿತ್ತು. ಆದರೆ ಕಣ್ಣು ಚುಚ್ಚುತ್ತಿದ್ದದ್ದು ಬೆಂಚು. ನಮ್ಮ ಆಫೀಸಿನ ಫುಟ್‌ಬಾಲ್ ಗ್ರೂಪಿನಲ್ಲಿ ಪ್ರತಿ ಪಂದ್ಯಕ್ಕೂ ಒಂದೇ ಮೆಸೇಜು ಹಾಕ್ತಿದ್ದೆ: 'ಈ ಇಂಗ್ಲಿಷಿನವನಿಗೆ ಮರ್ಯಾದೆ ಗೊತ್ತಿಲ್ಲ.' ಚೆಟ್ರಿಗೆ ಆಗ 38. ಆಯಸ್ಸು ಕೊಟ್ಟವನನ್ನು ಮೂಲೆಗೆ ಕೂರಿಸೋದು ಅಂದ್ರೆ ಏನು? ನಮ್ಮ ಐ.ಟಿ. ಕಂಪನಿಗಳಲ್ಲಿ 45 ದಾಟಿದವರನ್ನು ನೋಡೋ ಹಾಗೇ ಇದೂ ಅಂತ ಅನಿಸಿಬಿಟ್ಟಿತ್ತು. ಹಾಗೆ ಅನಿಸಿದ ಮೇಲೆ ನಾನು ಆಟ ನೋಡೋದು ಬಿಟ್ಟೆ, ಅವಮಾನ ಮಾತ್ರ ನೋಡೋಕೆ ಶುರು ಮಾಡಿದೆ.

ಈಗ ತಿರುಗಿ ನೋಡಿದರೆ ಆ ಬೆಂಚು ಏನು ಮಾಡ್ತಿತ್ತು ಅನ್ನೋದು ಸ್ಪಷ್ಟ. ಮಾರ್ಚ್ 3, ಕಂಠೀರವ, ಕೇರಳ ಬ್ಲಾಸ್ಟರ್ಸ್ ವಿರುದ್ಧ ನಾಕೌಟ್. 90 ನಿಮಿಷ ಗೋಲಿಲ್ಲ. ಬದಲಿಯಾಗಿ ಬಂದ ಚೆಟ್ರಿ 96ನೇ ನಿಮಿಷದಲ್ಲಿ ಎದುರಾಳಿ ಗೋಡೆ ಕಟ್ಟುವ ಮೊದಲೇ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ಕೇರಳದವರು ಮೈದಾನ ಬಿಟ್ಟೇ ಹೋದರು. ಆ ಗಲಾಟೆ ಇನ್ನೂ ಮುಗಿದಿಲ್ಲ ಬಿಡಿ. ನಾಲ್ಕು ದಿನದ ನಂತರ ಮುಂಬೈಯಲ್ಲಿ ಸೆಮಿಫೈನಲ್ಲಿನ ಮೊದಲ ಪಂದ್ಯ. ಮತ್ತೆ ಬದಲಿಯಾಗಿ ಬಂದು ಪಂದ್ಯದ ಒಂದೇ ಒಂದು ಗೋಲು. ಎರಡನೇ ಪಂದ್ಯ ಬೆಂಗಳೂರಿನಲ್ಲಿ 1-2, ಒಟ್ಟು 2-2, ಪೆನಾಲ್ಟಿಯಲ್ಲಿ 9-8. ಅಂದ್ರೆ ಫೈನಲ್‌ಗೆ ಹೋದದ್ದೇ 'ಕೊನೆಗೆ ಚೆಟ್ರಿ' ಅನ್ನೋ ಲೆಕ್ಕದ ಮೇಲೆ. ಎದುರಾಳಿಯ ಡಿಫೆಂಡರ್‌ಗಳು ಒಂದು ಗಂಟೆ ಆ ಹುಡುಗನ ಹಿಂದೆ ಓಡಿ ಸುಸ್ತಾಗಿರ್ತಾರೆ. ಆಗ 38 ವರ್ಷದ ಬುದ್ಧಿ ತಾಜಾ ಕಾಲಿನ ಮೇಲೆ ಬರುತ್ತೆ.

ಫೈನಲ್‌ನಲ್ಲಿ ಆ ಲೆಕ್ಕ ಶುರುವಿನಲ್ಲೇ ಮುರಿದುಬಿತ್ತು. ಮೊದಲ ಕೆಲವೇ ನಿಮಿಷಗಳಲ್ಲಿ ಶಿವಶಕ್ತಿ ಪೆಟ್ಟು ಮಾಡಿಕೊಂಡು ಹೊರಗೆ ಹೋಗಬೇಕಾಯಿತು. ಬದಲಿಗೆ ಚೆಟ್ರಿ ಬಂದರು.

ನಾನು ಚಪ್ಪಾಳೆ ಹೊಡೆದೆ. ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೀತೀನಿ. ಜೀವನದ ಮೊದಲ ಐಎಸ್‌ಎಲ್ ಫೈನಲ್ ಆಡ್ತಿದ್ದ ಹುಡುಗ ನೋವಿನಲ್ಲಿ ಹೊರಗೆ ಹೋಗ್ತಿದ್ದ, ನಾನು ಸೋಫಾದಿಂದ ಎದ್ದು ಚಪ್ಪಾಳೆ ಹೊಡೆದೆ.

ದೊಡ್ಡಪ್ಪ ನನ್ನನ್ನೇ ನೋಡಿದರು. "ಆ ಹುಡುಗನಿಗೆ ಪೆಟ್ಟಾಗೈತೆ. ನೀನ್ಯಾಕೆ ಚಪ್ಪಾಳೆ ಹೊಡಿತೀಯಾ?"

ಉತ್ತರ ಇರಲಿಲ್ಲ. ಆಟ ನೋಡಿದೆ.

14ನೇ ನಿಮಿಷ: ಕಾರ್ನರ್ ಬಂದಾಗ ರಾಯ್ ಕೃಷ್ಣ ಕೈಗೆ ಚೆಂಡು ತಗುಲಿತು. ಪೆನಾಲ್ಟಿ, ದಿಮಿತ್ರಿ ಪೆಟ್ರಾಟೋಸ್, 0-1. ಮೊದಲಾರ್ಧದ ಕೊನೆಗೆ ನಮಗೂ ಪೆನಾಲ್ಟಿ, ಚೆಟ್ರಿ, 1-1. 78ನೇ ನಿಮಿಷ: ಕಾರ್ನರ್‌ನಿಂದ ಬಂದ ಚೆಂಡಿಗೆ ರಾಯ್ ಕೃಷ್ಣ ತಲೆ ಕೊಟ್ಟರು. 2-1. ಈ ಫಿಜಿ ದೇಶದ ಆಟಗಾರ ಹಿಂದಿನ ವರ್ಷದವರೆಗೂ ಬಾಗಾನ್‌ನವರೇ. ಅವರು ಬೇಡ ಅಂದವರು ಅವರಿಗೇ ಗೋಲು ಹೊಡೆದರು ಅಂತ ದೊಡ್ಡಪ್ಪನಿಗೆ ಹೇಳಿದೆ. ಅವರಿಗೂ ಖುಷಿಯಾಯಿತು. ಇನ್ನು ಹನ್ನೆರಡು ನಿಮಿಷ.

ಉಳಿಸಿಕೊಂಡದ್ದು ಏಳು ನಿಮಿಷ. 85ನೇ ನಿಮಿಷದಲ್ಲಿ ಪಾಬ್ಲೊ ಪೆರೆಜ್ ಪೆನಾಲ್ಟಿ ಬಾಕ್ಸಿನ ಅಂಚಿನಲ್ಲಿ ಕಿಯಾನ್ ನಸೀರಿಯನ್ನು ಕೆಡವಿದರು. ಮತ್ತೆ ಪೆನಾಲ್ಟಿ, ಮತ್ತೆ ಪೆಟ್ರಾಟೋಸ್, 2-2. ಹೆಚ್ಚುವರಿ ಸಮಯದಲ್ಲಿ ಗೋಲಿಲ್ಲ. ಶೂಟೌಟ್‌ನಲ್ಲಿ ಬ್ರೂನೊ ರಮಿರೆಸ್ ಹೊಡೆದದ್ದನ್ನು ವಿಶಾಲ್ ಕೈತ್ ತಡೆದರು, ಪೆರೆಜ್ ಹೊಡೆದದ್ದು ಮೇಲಿನಿಂದ ಹೋಯಿತು. 4-3, ಕಪ್ ಕೋಲ್ಕತ್ತಕ್ಕೆ. ಚೆಟ್ರಿ ತಮ್ಮ ಪಾಲಿನ ಪೆನಾಲ್ಟಿಯನ್ನು ಗೋಲು ಮಾಡಿದ್ದರು. 38ರ ವಯಸ್ಸಿನಲ್ಲಿ, ಹತ್ತಿರ ಹತ್ತಿರ 120 ನಿಮಿಷ ಓಡಿದ ಮೇಲೆ.

ಆ ರಾತ್ರಿ ಗ್ರೂಪಿನಲ್ಲಿ ಎರಡು ಬಣ. ಒಂದು ಬಣಕ್ಕೆ ರೆಫರಿಯದ್ದೇ ತಪ್ಪು. ಪೆರೆಜ್ ತಗುಲಿದ್ದು ಬಾಕ್ಸಿನ ಹೊರಗೆ, ಐಎಸ್‌ಎಲ್‌ನಲ್ಲಿ ವಿಎಆರ್ ಇಲ್ಲದ್ದಕ್ಕೆ ಕಪ್ ಹೋಯಿತು ಅನ್ನೋದು ಅವರ ವಾದ. ಇನ್ನೊಂದು ಬಣಕ್ಕೆ ಕೋಚಿನದ್ದೇ ತಪ್ಪು. ಚೆಟ್ರಿಯನ್ನು ಮೊದಲೇ ಇಳಿಸಬೇಕಿತ್ತು ಅನ್ನೋದು. ಎರಡನೇ ಬಣದ ನಾಯಕ ನಾನೇ. ಇಬ್ಬರ ವಾದಕ್ಕೂ ಆಟಕ್ಕೂ ಸಂಬಂಧ ಇರಲಿಲ್ಲ ಅಂತ ಈಗ ಅನಿಸುತ್ತೆ.

ಮೊದಲು ರೆಫರಿ ವಿಷಯ. ಅದು ಬಾಕ್ಸಿನ ಹೊರಗೇ ಆಗಿತ್ತು ಅಂತಲೇ ಇಟ್ಟುಕೊಳ್ಳಿ. 2-1ರಲ್ಲಿ ಮುಂದಿದ್ದೀರಿ, ಇನ್ನು ಐದು ನಿಮಿಷ ಇದೆ. ಆಗ ನಿಮ್ಮ ಬಾಕ್ಸಿನ ಅಂಚಿನಲ್ಲಿ ಎದುರಾಳಿ ಚೆಂಡು ಇಟ್ಟುಕೊಂಡು ತಿರುಗಾಡ್ತಿದ್ದಾನೆ, ನಿಮ್ಮವನು ಕಾಲು ಚಾಚ್ತಾನೆ. ವಿಎಆರ್ ಇದ್ದಿದ್ದರೆ ಏನು ಸಿಗ್ತಿತ್ತು? ಪೆನಾಲ್ಟಿ ಬದಲು ಗೋಲಿನ ಎದುರಿಗೇ ಒಂದು ಫ್ರೀಕಿಕ್. ಹೊಡೆಯೋನು ಪೆಟ್ರಾಟೋಸ್. ಅನ್ಯಾಯ ಆಗಿದ್ದರೂ ಆಗಿರಬಹುದು. ಆದರೆ ಅನ್ಯಾಯ ಆಗೋ ಜಾಗದಲ್ಲಿ ಚೆಂಡನ್ನು ಇರೋಕೆ ಬಿಟ್ಟವರು ನಾವು.

ಇದು ಒಂದೇ ರಾತ್ರಿಯ ಕಥೆ ಆಗಿದ್ದರೆ ದುರದೃಷ್ಟ ಅನ್ನಬಹುದಿತ್ತು. ಆದರೆ ನನ್ನ ತಲೆಯಲ್ಲಿ ಇನ್ನೂ ಮೂರು ರಾತ್ರಿಗಳಿವೆ.

2015ರ ಮೇ 31. ಕಂಠೀರವ. ಐ-ಲೀಗ್‌ನ ಕೊನೆಯ ಪಂದ್ಯ, ಎದುರಾಳಿ ಮೋಹನ್ ಬಾಗಾನ್. ನಾವು ಗೆದ್ದರೆ ನಾವು ಚಾಂಪಿಯನ್, ಡ್ರಾ ಆದರೂ ಅವರು ಚಾಂಪಿಯನ್. ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ, ಮಳೆಯಲ್ಲಿ ನೆಂದು ವೆಸ್ಟ್ ಬ್ಲಾಕಿನಲ್ಲಿ ನಿಂತಿದ್ದೆ. ಮೊದಲಾರ್ಧದಲ್ಲೇ ಜಾನ್ ಜಾನ್ಸನ್ ಗೋಲು, 1-0. 87ನೇ ನಿಮಿಷದಲ್ಲಿ ಸೋನಿ ನಾರ್ಡೆ ಹೊಡೆದ ಕಾರ್ನರ್‌ಗೆ ಬೆಲ್ಲೊ ರಜಾಕ್ ತಲೆ ಕೊಟ್ಟರು, 1-1. ಅವರಿಗೆ 13 ವರ್ಷದ ನಂತರ ರಾಷ್ಟ್ರೀಯ ಲೀಗ್ ಕಪ್. ನಮಗೆ ಮೂರು ನಿಮಿಷದ ದೂರ.

2018ರ ಮಾರ್ಚ್ 17, ಯುಗಾದಿಯ ಹಿಂದಿನ ದಿನ. ಮತ್ತೆ ಕಂಠೀರವ, ಐಎಸ್‌ಎಲ್ ಫೈನಲ್, ಎದುರಾಳಿ ಚೆನ್ನೈಯಿನ್. ಲೀಗ್ ಹಂತದಲ್ಲಿ ನಾವು ಅವರಿಗಿಂತ ಎಂಟು ಅಂಕ ಮುಂದಿದ್ದೆವು. 9ನೇ ನಿಮಿಷಕ್ಕೇ ಚೆಟ್ರಿ ಗೋಲು. ಬೆಲ್ಲ ಮೊದಲು ಬಂತು ಅಂತ ಕುಣಿದೆವು. 17ನೇ ನಿಮಿಷಕ್ಕೆ ಕಾರ್ನರ್, ಮೈಲ್ಸನ್ ಆಲ್ವೆಸ್ ತಲೆ. 45ನೇ ನಿಮಿಷಕ್ಕೆ ಮತ್ತೆ ಕಾರ್ನರ್, ಮತ್ತೆ ಅದೇ ಆಲ್ವೆಸ್, ಅದೇ ತಲೆ. ಕೊನೆಗೆ 2-3. ಬೇವು ತಿನ್ನೋಕೆ ಮರುದಿನದವರೆಗೆ ಕಾಯಬೇಕಾಗಲಿಲ್ಲ.

2025ರ ಏಪ್ರಿಲ್ 12, ಕೋಲ್ಕತ್ತದ ಸಾಲ್ಟ್ ಲೇಕ್, ಎದುರಾಳಿ ಮತ್ತೆ ಮೋಹನ್ ಬಾಗಾನ್. 49ನೇ ನಿಮಿಷಕ್ಕೆ ರಯಾನ್ ವಿಲಿಯಮ್ಸ್ ಕ್ರಾಸ್ ಬಾಗಾನ್‌ನ ಆಲ್ಬರ್ಟೊ ಕಾಲಿಗೆ ತಾಗಿ ಅವರದೇ ಗೋಲಿಗೆ ಹೋಯಿತು, 1-0. 72ನೇ ನಿಮಿಷದಲ್ಲಿ ಬಾಕ್ಸಿನೊಳಗೆ ಚಿಂಗ್ಲೆನ್ಸಾನಾ ಕೈಗೆ ಚೆಂಡು, ಪೆನಾಲ್ಟಿ, ಜೇಸನ್ ಕಮಿಂಗ್ಸ್, 1-1. ಹೆಚ್ಚುವರಿ ಸಮಯದಲ್ಲಿ 96ನೇ ನಿಮಿಷಕ್ಕೆ ಜೇಮಿ ಮ್ಯಾಕ್ಲಾರೆನ್, 1-2.

ನಾಲ್ಕೂ ರಾತ್ರಿಗಳನ್ನು ಒಂದು ಕಾಗದದ ಮೇಲೆ ಬರೆದು ನೋಡಿ. ನಾಲ್ಕರಲ್ಲೂ ಬೆಂಗಳೂರು ಮುಂದಿತ್ತು. ನಾಲ್ಕರಲ್ಲೂ ಆ ಮುನ್ನಡೆ ಹೋಯಿತು. ಹೋದದ್ದು ಹೇಗೆ? 2015: ಕಾರ್ನರ್. 2018: ಕಾರ್ನರ್. 2023: ಪೆನಾಲ್ಟಿ. 2025: ಪೆನಾಲ್ಟಿ. ಯಾರೋ ಒಬ್ಬ ಮಾಂತ್ರಿಕ ಐದು ಜನರನ್ನು ದಾಟಿಕೊಂಡು ಬಂದು ಸಮಬಲದ ಗೋಲು ಹೊಡೆದ ಅಂತ ಒಂದೂ ಇಲ್ಲ. ನಾಲ್ಕೂ ನಿಂತ ಚೆಂಡಿನಿಂದ ಬಂದ ಗೋಲುಗಳು.

ಕಾರ್ನರ್ ಆಗಲಿ ಪೆನಾಲ್ಟಿ ಆಗಲಿ ಆಕಾಶದಿಂದ ಬೀಳಲ್ಲ. ನಿಮ್ಮ ಗೋಲಿನ ಹತ್ತಿರ ಚೆಂಡು ಜಾಸ್ತಿ ಹೊತ್ತು ಇದ್ದರೆ ಬರುತ್ತೆ. ಒಂದು ಗೋಲು ಮುಂದಾದ ತಂಡಕ್ಕೆ ಸಹಜವಾಗಿ ಆಗೋದು ಏನು ಅಂದ್ರೆ, ಎಲ್ಲರೂ ಹತ್ತು ಹೆಜ್ಜೆ ಹಿಂದೆ ಸರೀತಾರೆ. ಯಾರೂ ಹೇಳಿರಲ್ಲ, ಕಾಲೇ ಸರಿಯುತ್ತೆ. ಮುಂದೆ ಚೆಂಡು ಹಿಡಿದಿಟ್ಟುಕೊಳ್ಳೋಕೆ ಯಾರೂ ಇರಲ್ಲ. ಹಿಂದಿನಿಂದ ಎತ್ತಿ ಹೊಡೆದ ಚೆಂಡು ಹತ್ತು ಸೆಕೆಂಡಿಗೆ ತಿರುಗಿ ಬರುತ್ತೆ. ಪ್ರತಿ ಸಲ ತಿರುಗಿ ಬಂದಾಗಲೂ ನಿಮ್ಮ ಡಿಫೆಂಡರ್ ಒಂದು ತಡೆ ಹಾಕಬೇಕು. ಇಪ್ಪತ್ತು ತಡೆಯಲ್ಲಿ ಒಂದು ತಪ್ಪಿದರೆ ಸಾಕು. ಆಮೇಲೆ ನಾವು ಆ ಇಪ್ಪತ್ತನೆಯವನ ಹೆಸರು ಹಿಡಿದು ಬೈತೀವಿ. ಪೆರೆಜ್, ಚಿಂಗ್ಲೆನ್ಸಾನಾ. ಅವರಿಗಿಂತ ಮೊದಲು ಹತ್ತೊಂಬತ್ತು ಸಲ ಚೆಂಡು ಯಾಕೆ ವಾಪಸ್ ಬಂತು ಅಂತ ಯಾರೂ ಕೇಳಲ್ಲ.

ಐ.ಟಿ.ಯಲ್ಲಿ ಇರೋರಿಗೆ ಇದು ಗೊತ್ತಿರೋ ವಿಷಯ. ರಾತ್ರಿ ಮೂರು ಗಂಟೆಗೆ ಸರ್ವರ್ ಬಿದ್ದಾಗ ಕೊನೆಯ ಬಟನ್ ಒತ್ತಿದ ಹುಡುಗನ ಹೆಸರು ಮೇಲ್‌ನಲ್ಲಿ ಬರುತ್ತೆ. ಆರು ತಿಂಗಳಿಂದ ಮುಂದಕ್ಕೆ ಹಾಕಿಕೊಂಡು ಬಂದ ಕೆಲಸದ ಹೆಸರು ಬರಲ್ಲ.

ಈಗ ನನ್ನ ಬಣದ ವಾದಕ್ಕೆ ಬರ್ತೀನಿ: ಚೆಟ್ರಿ ಮೊದಲಿಂದ ಆಡಬೇಕಿತ್ತಾ?

ಇದಕ್ಕೆ ಉತ್ತರ ಕೊಟ್ಟಿದ್ದು ದೊಡ್ಡಪ್ಪ. ಅದೂ ಆ ರಾತ್ರಿ ಊಟ ಆದಮೇಲೆ ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕೊಂಡು. ಅವರು ಹೋರಿ ಕಟ್ಟಿದವರು. ಶಿಕಾರಿಪುರ, ಸೊರಬ, ಹಾನಗಲ್ ಕಡೆಯವರಿಗೆ ಹೋರಿ ಹಬ್ಬ ಅಂದ್ರೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ: ದೀಪಾವಳಿ ಆದಮೇಲೆ ಊರೂರಲ್ಲಿ ಹೋರಿ ಬೆದರಿಸುವ ಸ್ಪರ್ಧೆ ನಡೆಯುತ್ತೆ. ಕೊರಳಿಗೆ ಒಣಕೊಬ್ಬರಿ ಮಾಲೆ ಕಟ್ಟಿದ ಹೋರಿಯನ್ನು ಜನರ ಮಧ್ಯದ ದಾರಿಯಲ್ಲಿ ಬಿಡ್ತಾರೆ. ಹುಡುಗರು ಮೇಲೆ ಬಿದ್ದು ಕೊಬ್ಬರಿ ಕೀಳೋಕೆ ನೋಡ್ತಾರೆ. ಕೊಬ್ಬರಿ ಕಳಕೊಳ್ಳದೆ ಅಖಾಡ ದಾಟಿದ ಹೋರಿ ಗೆದ್ದ ಹಾಗೆ. ಹೋರಿಗೆ ಹೆಸರಿರುತ್ತೆ, ಬ್ಯಾನರ್ ಇರುತ್ತೆ, ಅಭಿಮಾನಿಗಳಿರ್ತಾರೆ. ಜನ ಸತ್ತದ್ದೂ ಇದೆ. ಅದರ ಬಗ್ಗೆ ನನಗೆ ಪ್ರಶ್ನೆಗಳಿವೆ, ಅದು ಬೇರೆ ಬರಹ.

ದೊಡ್ಡಪ್ಪನ ಹತ್ತಿರ ಒಂದು ಹೋರಿ ಇತ್ತು. ಸುತ್ತಿನ ಹತ್ತು ಊರಲ್ಲಿ ಹೆಸರು ಮಾಡಿತ್ತು. ಅದಕ್ಕೆ ವಯಸ್ಸಾಯಿತು. ಒಂದು ವರ್ಷ ಅದನ್ನು ಮನೇಲಿ ಕಟ್ಟಿ ಎಳೆ ಹೋರಿ ಬಿಡಬೇಕು ಅಂತ ಅವರ ಮನಸ್ಸಲ್ಲಿತ್ತು. ಊರವರು ಬಿಡಲಿಲ್ಲ. ಬ್ಯಾನರ್ ಮಾಡಿಸಿಯಾಗಿದೆ, ಹೆಸರು ಕೂಗೋರು ಕಾಯ್ತಿದಾರೆ, ಅದನ್ನೇ ಬಿಡು ಅಂದರು. ಬಿಟ್ಟರು.

"ಮುಕ್ಕಾಲು ದಾರಿ ಸಿಡಿಲಿನಂಗೆ ಹೋತು ನೋಡು" ಅಂದರು ದೊಡ್ಡಪ್ಪ. "ಯಾರ ಕೈಯೂ ಹತ್ತಲಿಲ್ಲ. ಕೊನೇಗೆ ಜನ ತೆಳ್ಳಗಾಗೈತೆ ಅಂತ ಅದಕ್ಕೇ ಅನಿಸ್ತೋ ಏನೋ, ಕಾಲು ಎಳೀತು. ಅಷ್ಟೇ ಸಾಕಾತು ಆ ಹುಡುಗರಿಗೆ. ಕೊಬ್ಬರಿ ಹೋಗೋದು ಯಾವಾಗ್ಲೂ ಅಲ್ಲೇ ತಮ್ಮಾ. ಬಿಟ್ಟ ಜಾಗದಾಗೆ ಯಾವ ಹೋರಿದೂ ಹೋಗಲ್ಲ."

ಅದು ಕುಂಟಿಕೊಂಡು ಮನೆಗೆ ಬಂತಂತೆ. ಮತ್ತೆ ಅದನ್ನು ಅಖಾಡಕ್ಕೆ ಇಳಿಸಲಿಲ್ಲ. "ಅದರ ಮರ್ಯಾದೆಗೆ ಅಂತ ಬಿಟ್ಟೆ. ಅದು ಅದರ ಮರ್ಯಾದೆ ಅಲ್ಲ, ನನ್ನ ಬ್ಯಾನರಿನ ಮರ್ಯಾದೆ" ಅಂದರು. ಆಮೇಲೆ ಎದ್ದು ಮಲಗೋಕೆ ಹೋದರು.

ಆ ಮಾತು ನನ್ನ ಬಗ್ಗೆ ಅಂತ ಅರ್ಥ ಆಗೋಕೆ ಹೊತ್ತಾಯಿತು. ಚೆಟ್ರಿ ಮೊದಲ ಹನ್ನೊಂದರಲ್ಲಿ ಇರಲೇಬೇಕು ಅಂತ ನಾನು ಕೂಗಿದ್ದು ಚೆಟ್ರಿಗೋಸ್ಕರ ಅಲ್ಲ. 2013ರಿಂದ ಅವರ ಹೆಸರಿನ ಜೆರ್ಸಿ ಹಾಕ್ಕೊಂಡು ತಿರುಗಿದ ನನಗೋಸ್ಕರ. ಬೆಂಚಿನ ಮೇಲೆ ಕೂತವರು ಚೆಟ್ರಿ, ಅವಮಾನ ಆದದ್ದು ನನಗೆ. ಅವರು ಮಾತ್ರ ಆ ಬೆಂಚಿನಿಂದ ಎದ್ದು ಬಂದು ಕೇರಳಕ್ಕೆ ಒಂದು, ಮುಂಬೈಗೆ ಒಂದು ಹೊಡೆದು ಹೋದರು.

ಗ್ರೇಸನ್ ಚೆಟ್ರಿಯನ್ನು ಕೆಳಗಿಳಿಸಿರಲಿಲ್ಲ. ಕೊನೆಗೆ ಅಂತ ಎತ್ತಿಟ್ಟಿದ್ದರು. ಫೈನಲ್‌ನಲ್ಲಿ ಶಿವಶಕ್ತಿ ಬಿದ್ದ ಕ್ಷಣ ಆ ಗಂಟು ಮೊದಲ ನಿಮಿಷಗಳಲ್ಲೇ ಖರ್ಚಾಗಿಹೋಯಿತು. ನಾನು ಬಯಸಿದ್ದೇ ಆಯಿತು ನೋಡಿ: ಹೆಚ್ಚು ಕಡಿಮೆ ಶುರುವಿನಿಂದ ಚೆಟ್ರಿ ಆಡಿದರು. 78ರಿಂದ 85ರವರೆಗೆ ತಂಡಕ್ಕೆ ಬೇಕಾಗಿದ್ದದ್ದು ಏನು? ಎದುರಾಳಿಯ ಅಂಗಳದಲ್ಲಿ ಚೆಂಡು ಹಿಡಿದು ನಿಲ್ಲಬಲ್ಲ, ಫೌಲ್ ಗಿಟ್ಟಿಸಬಲ್ಲ, ಕಾರ್ನರ್ ಬಾವುಟದ ಹತ್ತಿರ ಒಂದು ನಿಮಿಷ ಕಳೆಯಬಲ್ಲ, ತಾಜಾ ಕಾಲಿನ ಅನುಭವಸ್ಥ. ಅಂಥವರು ತಂಡದಲ್ಲಿ ಒಬ್ಬರಿದ್ದರು. ಅವರು ಆಗಲೇ 75 ನಿಮಿಷ ಓಡಿ ಮುಗಿಸಿದ್ದರು.

ನಮ್ಮ ಕಂಪನಿಯ ಅಟ್ಲಾಂಟಾ ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ ಇದ್ದಾರೆ. ಅಮೆರಿಕದ ಫುಟ್‌ಬಾಲ್ ಹುಚ್ಚು. ಅವರಿಗೆ ಈ ಕಥೆ ಹೇಳಿದಾಗ ಇನ್ನೊಂದು ಕಥೆ ಹೇಳಿದರು. ಅಲ್ಲಿನ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಅಂದ್ರೆ ಚೆಂಡು ಎಸೆದು ಇಡೀ ಆಟ ನಡೆಸೋನು. ಅವನನ್ನು ಬದಲಿಸೋದು ಅಂದ್ರೆ ಊರ ದೇವರನ್ನೇ ಬದಲಿಸಿದಷ್ಟು ಗಲಾಟೆ. 2018ರ ಜನವರಿ 8, ಕಾಲೇಜು ಫುಟ್‌ಬಾಲಿನ ರಾಷ್ಟ್ರೀಯ ಫೈನಲ್, ಅಟ್ಲಾಂಟಾದಲ್ಲಿ. ಅರ್ಧದ ಹೊತ್ತಿಗೆ ಅಲಬಾಮಾ ತಂಡ ಜಾರ್ಜಿಯಾಕ್ಕಿಂತ 0-13 ಹಿಂದೆ. ಕೋಚ್ ನಿಕ್ ಸೇಬನ್ ತಂಡವನ್ನು ಅಲ್ಲಿಯವರೆಗೆ ತಂದ ಜೇಲನ್ ಹರ್ಟ್ಸ್‌ನನ್ನು ಕೂರಿಸಿ, ಟುವಾ ಟಗೋವೈಲೋವಾ ಅನ್ನೋ ಮೊದಲ ವರ್ಷದ ಹುಡುಗನನ್ನು ಇಳಿಸಿದರು. 26-23ರಿಂದ ಗೆದ್ದರು. ಮುಂದಿನ ಸೀಸನ್ ಪೂರ್ತಿ ಹರ್ಟ್ಸ್ ಬೆಂಚಿನಲ್ಲಿ. ಆದರೆ ಅದೇ ವರ್ಷ ಡಿಸೆಂಬರ್ 1ಕ್ಕೆ, ಅದೇ ಸ್ಟೇಡಿಯಂ, ಅದೇ ಜಾರ್ಜಿಯಾ ಎದುರು, ಟುವಾ ಗಾಯಗೊಂಡು ಹೊರಗೆ ಬಂದಾಗ ತಂಡ ಹಿಂದಿತ್ತು. ಆಗ ಬಂದ ಹರ್ಟ್ಸ್ 35-28ರಿಂದ ಗೆಲ್ಲಿಸಿಕೊಟ್ಟ. 2025ರ ಫೆಬ್ರುವರಿಯಲ್ಲಿ ಅವನೇ ಫಿಲಡೆಲ್ಫಿಯಾ ತಂಡದ ಪರ ಸೂಪರ್ ಬೌಲ್ ಗೆದ್ದ.

"ಇದರಲ್ಲಿ ಜಾರ್ಜಿಯಾದವರ ಕಥೆಯನ್ನೂ ನೋಡು" ಅಂದರು ಅವರು. "ಎರಡು ಸಲವೂ ಮುಂದಿದ್ದು ಸೋತರು. ಎರಡು ಸಲವೂ ಹೊರಗಿಂದ ಬಂದವನ ಕೈಲಿ."

ಅಲ್ಲಿಗೆ ನನಗೆ ಎರಡು ವಿಷಯ ಒಂದಾಗಿ ಕಂಡವು. 'ಯಾರು ಶುರು ಮಾಡಬೇಕು' ಅನ್ನೋದೂ 'ಕೊನೆಗೆ ಯಾಕೆ ಕುಸಿದೆವು' ಅನ್ನೋದೂ ಬೇರೆ ಬೇರೆ ಪ್ರಶ್ನೆ ಅಂತ ನಾವು ಚರ್ಚೆ ಮಾಡ್ತೀವಿ. ಮೊದಲನೆಯದು ಗೌರವದ ಪ್ರಶ್ನೆ, ಎರಡನೆಯದು ಹಣೆಬರಹದ ಪ್ರಶ್ನೆ ಅನ್ನೋ ಹಾಗೆ. ನಿಜವಾಗಿ ಅದು ಒಂದೇ ಪ್ರಶ್ನೆ. ಇರೋ ಜನ ಇಷ್ಟೇ, ಇರೋ ಉಸಿರು ಇಷ್ಟೇ. ಅದನ್ನು 90 ನಿಮಿಷಕ್ಕೆ ಹೇಗೆ ಹಂಚ್ತೀರಿ? ಎಲ್ಲಾ ಹೆಸರುಗಳನ್ನೂ ಶುರುವಿನ ಪಟ್ಟಿಯಲ್ಲಿ ಬರೆದರೆ ಫೋಟೋ ಚೆನ್ನಾಗಿ ಬರುತ್ತೆ. 85ನೇ ನಿಮಿಷದಲ್ಲಿ ಬೆಂಚಿನ ಕಡೆ ತಿರುಗಿದರೆ ಅಲ್ಲಿ ಯಾರಿರ್ತಾರೆ?

ಹಾಗಂತ ಗ್ರೇಸನ್‌ಗೆ ಪೂರ್ತಿ ಮಾಫಿ ಇಲ್ಲ. ಕೊನೆಗೆ ಅಂತ ಒಬ್ಬನನ್ನೇ ಎತ್ತಿಟ್ಟರೆ, ಆ ಒಬ್ಬ ಮೊದಲೇ ಖರ್ಚಾದಾಗ ಏನು ಮಾಡೋದು ಅಂತ ಇನ್ನೊಂದು ಲೆಕ್ಕ ಇರಬೇಕಿತ್ತು. ಅದು ಇದ್ದ ಹಾಗೆ ನನಗೆ ಕಾಣಲಿಲ್ಲ. 2-1 ಆದಮೇಲೆ ತಂಡ ಮುಂದೆ ನಿಂತು ಆಡುತ್ತೋ, ಹಿಂದೆ ಸರಿದು ಕಾಯುತ್ತೋ ಅನ್ನೋದು ಕಾಲಿಗೆ ಬಿಟ್ಟ ವಿಷಯ ಅಲ್ಲ, ಹೇಳಿಕೊಡಬೇಕಾದ ವಿಷಯ. ವೆಸ್ಟ್‌ವುಡ್, ರೋಕಾ, ಗ್ರೇಸನ್, ಸರಗೋಜಾ: ಆ ನಾಲ್ಕು ರಾತ್ರಿಗೆ ನಾಲ್ಕು ಬೇರೆ ಕೋಚ್‌ಗಳು. ಕೋಚ್ ಬದಲಾದರೂ ಮುನ್ನಡೆ ಹೋಗೋ ದಾರಿ ಬದಲಾಗಲಿಲ್ಲ ಅಂದ್ರೆ, ಕ್ಲಬ್ ತಾನೇ ಕೂತು ಯೋಚನೆ ಮಾಡಬೇಕು.

ತಂಡಕ್ಕೆ ಕೊನೆ ನಿಮಿಷ ಗೊತ್ತೇ ಇಲ್ಲ ಅಂತಲೂ ಅಲ್ಲ. 2019ರ ಮಾರ್ಚ್ 17ರ ಫೈನಲ್‌ನಲ್ಲಿ ಗೋವಾ ವಿರುದ್ಧ 117ನೇ ನಿಮಿಷಕ್ಕೆ ರಾಹುಲ್ ಭೇಕೆ ಗೋಲು, 1-0, ನಮ್ಮ ಏಕೈಕ ಐಎಸ್‌ಎಲ್ ಕಪ್. ಅದೂ ಕಾರ್ನರ್‌ನಿಂದಲೇ. 2025ರ ಸೆಮಿಫೈನಲ್ ನೋಡಿ. ಮೊದಲ ಪಂದ್ಯದ 2-0 ಮುನ್ನಡೆ ಗೋವಾದಲ್ಲಿ 88ನೇ ನಿಮಿಷಕ್ಕೆ ಕರಗಿಹೋಯಿತು. ಮತ್ತೆ ಅದೇ ಹಣೆಬರಹ ಅಂತ ನಾನು ಫೋನ್ ಪಕ್ಕಕ್ಕಿಟ್ಟೆ. ಇಂಜುರಿ ಟೈಮಿನಲ್ಲಿ 40 ವರ್ಷದ ಚೆಟ್ರಿ ತಲೆಯಿಂದ ಗೋಲು, ಒಟ್ಟು 3-2. ಕೊನೆಯ ಹೊತ್ತಿನಲ್ಲಿ ಗೋಲು ಹೊಡೆಯೋದು ನಮಗೆ ಗೊತ್ತು. ಬಾರದೆ ಇರೋದು ಕೊನೆಯ ಹೊತ್ತಿನಲ್ಲಿ ಮುಂದಿರೋದು.

ಚೆಟ್ರಿ ವಿಷಯದಲ್ಲಿ ನನ್ನ ಇನ್ನೊಂದು ತಪ್ಪನ್ನೂ ಹೇಳಿಬಿಡ್ತೀನಿ. 2023ರ ಸೋಲಿನ ನಂತರ ನಾನು ಪೂರ್ತಿ ಆ ಕಡೆ ವಾಲಿದೆ. ಹಳೆ ಹೋರಿ ಅಖಾಡಕ್ಕೆ ಬೇಡ, ಗೌರವವಾಗಿ ನಿವೃತ್ತಿ ಆಗಲಿ ಅಂತ ಗ್ರೂಪಿನಲ್ಲಿ ಹೊಸ ಪ್ರವಚನ ಶುರು ಮಾಡಿದೆ. ಅವರು 2024ರ ಜೂನ್ 6ಕ್ಕೆ ಭಾರತ ತಂಡಕ್ಕೆ ವಿದಾಯ ಹೇಳಿದರು. ಅದೇ ಡಿಸೆಂಬರ್‌ನಲ್ಲಿ ಕೇರಳದ ವಿರುದ್ಧ ಹ್ಯಾಟ್ರಿಕ್ ಹೊಡೆದು ಐಎಸ್‌ಎಲ್‌ನಲ್ಲಿ ಆ ಸಾಧನೆ ಮಾಡಿದ ಅತಿ ಹಿರಿಯ ಆಟಗಾರ ಆದರು. 2025ರ ಮಾರ್ಚ್‌ನಲ್ಲಿ ನಿವೃತ್ತಿ ವಾಪಸ್ ತಗೊಂಡು ಮಾಲ್ಡೀವ್ಸ್ ವಿರುದ್ಧ ಭಾರತಕ್ಕೂ ಗೋಲು ಹೊಡೆದರು. ಹೋರಿಯ ಕಥೆ ಕೇಳಿ ನಾನು ಕಲಿತದ್ದು ತಪ್ಪು ಪಾಠ. ದೊಡ್ಡಪ್ಪ ಹೇಳಿದ್ದು ಹಳೆಯದನ್ನು ಕಟ್ಟಿಹಾಕು ಅಂತ ಅಲ್ಲ. ಬ್ಯಾನರ್ ನೋಡಿ ಬಿಡಬೇಡ ಅಂತ. ಕಾಲು ನೋಡಿ ಬಿಡು ಅಂತ.

ನಮ್ಮೂರಿನಲ್ಲಿ ಅಕ್ಕಮಹಾದೇವಿಯ ಹೆಸರು ಹೇಳದೆ ಮಾತು ಮುಗಿಯಲ್ಲ. ಎಲ್ಲಾ ಬಿಟ್ಟು ಹೊರಟವಳ ಊರಿನವರು ನಾವು. ಅದಕ್ಕೋ ಏನೋ, ಯಾವಾಗ ಬಿಡಬೇಕು ಅನ್ನೋದನ್ನು ಬಿಡೋರೇ ತೀರ್ಮಾನ ಮಾಡಲಿ, ಸುತ್ತ ನಿಂತವರು ಕೂಗಬಾರದು ಅಂತ ಅನಿಸುತ್ತೆ. ಚೆಟ್ರಿ ಯಾವಾಗ ನಿಲ್ಲಿಸಬೇಕು ಅನ್ನೋದು ಚೆಟ್ರಿ ವಿಷಯ. ಯಾವ ನಿಮಿಷಕ್ಕೆ ಇಳಿಯಬೇಕು ಅನ್ನೋದು ಕೋಚ್ ವಿಷಯ. ನನ್ನ ವಿಷಯ ಆಟ ನೋಡೋದು. ಅಷ್ಟನ್ನೇ ನಾನು ನೆಟ್ಟಗೆ ಮಾಡಿರಲಿಲ್ಲ.

2025ರ ಏಪ್ರಿಲ್‌ನ ಫೈನಲ್ ನಾನು ಬೆಂಗಳೂರಿನ ರೂಮಲ್ಲಿ ಒಬ್ಬನೇ ನೋಡಿದೆ. ಸೋತ ಮೇಲೆ ಯಾರಿಗೂ ಮೆಸೇಜ್ ಮಾಡಲಿಲ್ಲ. ಮರುದಿನ ಬೆಳಗ್ಗೆ ಊರಿಗೆ ಫೋನ್ ಮಾಡಿದೆ.

"ಏನಾತೋ ನಿಮ್ಮ ಚೆಂಡಾಟ?" ಅಂದರು ದೊಡ್ಡಪ್ಪ.

"ಮತ್ತೆ ಕೊಬ್ಬರಿ ಹೋಯ್ತು ದೊಡ್ಡಪ್ಪ. ಅದೇ ಜಾಗದಲ್ಲಿ."

ನಕ್ಕರು. ಮಳೆ ಇಲ್ಲ, ಅಡಿಕೆಗೆ ನೀರು ಸಾಲ್ತಿಲ್ಲ ಅಂತ ಬೇರೆ ಮಾತಾಡಿದರು. ಫೋನ್ ಇಡೋ ಹೊತ್ತಿಗೆ ಏನೋ ನೆನಪಾದವರ ಹಾಗೆ ಕೇಳಿದರು: "ಅಲ್ಲೋ, ಅವತ್ತು ಪೆಟ್ಟು ಮಾಡ್ಕಂಡು ಹೋದ ಹುಡುಗ ಇದ್ದನಲ್ಲ, ನಮ್ಮ ಶಿವನ ಹೆಸರಿನೋನು. ಅವನು ಹೆಂಗದಾನೆ ಈಗ?"

ಎರಡು ವರ್ಷದಲ್ಲಿ ಪೆನಾಲ್ಟಿ ಬಗ್ಗೆ, ವಿಎಆರ್ ಬಗ್ಗೆ, ಚೆಟ್ರಿ ಬಗ್ಗೆ ಎಷ್ಟು ಮಾತಾಡಿದ್ದೆನೋ ಲೆಕ್ಕವಿಲ್ಲ. ಆ ರಾತ್ರಿ ನಾನು ಚಪ್ಪಾಳೆ ಹೊಡೆದು ಕಳಿಸಿದ ಹುಡುಗನ ಬಗ್ಗೆ ಒಂದು ಸಲವೂ ಕೇಳಿರಲಿಲ್ಲ. ನೋಡಿ ಹೇಳ್ತೀನಿ ದೊಡ್ಡಪ್ಪ ಅಂದೆ.